ಪಾರಮ್ಮನ ಮೈಮೇಲಿನ ಸಮುದ್ರ

ಮೈ ಕೆರೆದುಕೊಳ್ಳುವಾಗ ಮುಖ ಸಿಂಡರಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ. ಕೆರೆದುಕೊಳ್ಳುತ್ತ ಮುಗುಳ್ನಗುವ ಹೆಂಗಸನ್ನು ನೋಡಬೇಕಿದ್ದರೆ ಕಳೆದ ವರ್ಷ ನೀವು ಬೇವೂರಿಗೇ ಬರಬೇಕಿತ್ತು. ಕಳಕಪ್ಪನ ಹೆಂಡತಿ ಪಾರಮ್ಮ, ನಲವತ್ತೈದು ದಾಟಿದ ಗಟ್ಟಿ ಜೀವ, ತಲೆಯ ಮೇಲೆ ಬುಟ್ಟಿ ಹೊತ್ತು ಸಜ್ಜೆ ಹೊಲದ ಬದುವಿನಲ್ಲಿ ಬರುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದಳು. ಲಂಗದ ಲಾಡಿ ಬಿಗಿದ ಜಾಗವನ್ನು ಎಡಗೈಯಿಂದ ಸಾವಕಾಶವಾಗಿ ಕೆರೆದುಕೊಂಡು, ಪಡುವಣಕ್ಕೆ ಮುಖ ಮಾಡಿ, ಯಾರೋ ಬಳಗದವರನ್ನು ಕಂಡಂತೆ ನಗುತ್ತಿದ್ದಳು. ಪಡುವಣಕ್ಕೆ ಇದ್ದದ್ದಾದರೂ ಏನು? ಎರೆಹೊಲ, ಆಚೆಗೆ ಗಾಳಿ ವಿದ್ಯುತ್ತಿನ ಎತ್ತರದ ಫ್ಯಾನುಗಳು, ಅದರಾಚೆಗೆ ಮತ್ತೆ ಎರೆಹೊಲ. ಊರವರು ಅವಳಿಗೆ ಅರೆಮರುಳು ಹಿಡಿದಿದೆ ಎಂದು ಮಾತಾಡಿಕೊಂಡರು.

ಅವಳ ನಡಿಗೆ ಯಾವಾಗಲೂ ಅವಸರದ್ದು, ಮಾತು ಯಾವಾಗಲೂ ಅರ್ಧಕ್ಕೇ ನಿಲ್ಲುವಂಥದ್ದು. ಏನೋ ಹೇಳುತ್ತಿದ್ದವಳು ನಡುವೆಯೇ ‘ಬಂದೆ, ತಡೀರಿ’ ಎಂದು ಎದ್ದು ಹೋಗುತ್ತಾಳೆ, ಏಕೆಂದರೆ ಒಳಗಿನಿಂದ ಯಾರಾದರೂ ಕರೆದಿರುತ್ತಾರೆ. ಅತ್ತೆ ಮುದಕಮ್ಮ ನೀರಿಗೆ, ಗಂಡ ರೊಟ್ಟಿಗೆ, ಕಟ್ಟಿದ ಎಮ್ಮೆ ಮೇವಿಗೆ, ಎಲ್ಲರಿಗೂ ಬೇಕಾದ ಹೆಸರು ಒಂದೇ. ಯಾರೂ ಕರೆಯದೆ ಇದ್ದಾಗಲೂ ಅವಳು ‘ಬಂದೆ’ ಎನ್ನುತ್ತಾಳೆಂದು ಕಳಕಪ್ಪ ಕಟ್ಟೆಯ ಮೇಲೆ ಕೂತು ನಗಾಡುವುದುಂಟು. ನಗಲಿ ಪಾಪ, ಅವನನ್ನು ಯಾರು ಕರೆಯಬೇಕು!

ಹೆಂಗಸರಿಗೆ ಬಸ್ಸಿನ ಟಿಕೀಟು ಮಾಫಾದ ಮೇಲೆ ಸಂಘದ ಹೆಣ್ಣುಮಕ್ಕಳೆಲ್ಲ ಸೇರಿ ಒಮ್ಮೆ ಗೋಕರ್ಣಕ್ಕೆ ಹೊರಟರು. ದೇವರ ದರ್ಶನವಾಯಿತು, ಸಮುದ್ರಕ್ಕೆ ಇಳಿದರು. ಉಳಿದವರು ಮೂಗು ಹಿಡಿದು ಮೂರು ಮುಳುಗು ಹಾಕಿ, ಸಾಕಪ್ಪಾ ಎಂದು ದಡಕ್ಕೆ ಓಡಿದರು. ಪಾರಮ್ಮ ಮಾತ್ರ ಉಟ್ಟ ಸೀರೆಯಲ್ಲೇ ಎದೆಮಟ್ಟದ ನೀರಿನಲ್ಲಿ, ತೆರೆ ಎತ್ತಿದಾಗ ಎದ್ದು, ಇಳಿಸಿದಾಗ ಇಳಿದು, ಹೊತ್ತು ಇಳಿಯುವ ತನಕ ನಿಂತೇ ಇದ್ದಳು. ಸಂಗಡಿಗರು ಗಂಟಲು ಹರಿಯುವಂತೆ ಕೂಗಿದರು. ಆ ಅಪಾರವಾದ ಘೋಷದಲ್ಲಿ ಅವಳಿಗೆ ನಿಜಕ್ಕೂ ಏನೂ ಕೇಳಲಿಲ್ಲ. ಹುಟ್ಟಿದಂದಿನಿಂದ ಮೊದಲ ಸಲ ಅವಳ ಹೆಸರು ಅವಳನ್ನು ಮುಟ್ಟದೆ ಹೋಯಿತು.

ಛತ್ರಕ್ಕೆ ಬಂದು ಸಿಹಿನೀರು ಸುರಿದುಕೊಂಡದ್ದೇ ತಡ, ಮೈ ಚುರುಗುಟ್ಟತೊಡಗಿತು. ಊರು ಮುಟ್ಟುವಷ್ಟರಲ್ಲಿ ಕುಪ್ಪಸದ ಒಳಗೆ, ಲಾಡಿಯ ಗುಂಟ, ಕೆಂಪು ಗುಳ್ಳೆಗಳು ಎದ್ದು ಕಡಿತವೆಂದರೆ ಕಡಿತ. ಬಟ್ಟೆ ಮುಚ್ಚದ ಮುಖ, ಮುಂಗೈ ಮಾತ್ರ ಸ್ವಚ್ಛ. ನಮ್ಮ ಕಡೆ ಹೀಗೆ ಮೈತುಂಬ ಗುಳ್ಳೆ ಎದ್ದರೆ ಅದನ್ನು ರೋಗವೆನ್ನುವುದಿಲ್ಲ. ದೇವಿ ಮೈಮೇಲೆ ಬಂದಳೆನ್ನುತ್ತಾರೆ. ಮುದಕಮ್ಮ ಸೊಸೆಯ ಸೊಂಟ ನೋಡಿದವಳೇ ಎರಡೂ ಕೈ ಜೋಡಿಸಿದಳು.

“ಅಮ್ಮ ಬಂದಾಳಲೋ ಕಳಕಪ್ಪ! ನೋಡಲ್ಲಿ, ಸೊಂಟಕ್ಕ ಡಾಬು ಇಟ್ಕೊಂಡು ಬಂದಾಳ ತಾಯಿ!”

ಬಾಗಿಲಿಗೆ ಬೇವಿನ ತೊಪ್ಪಲು ಏರಿತು, ಒಗ್ಗರಣೆ ನಿಂತಿತು. ಇಪ್ಪತ್ತೈದು ವರ್ಷ ಹೆಂಡತಿಯನ್ನು ‘ಏ ಪಾರಿ’ ಎಂದಲ್ಲದೆ ಕರೆಯದ ಕಳಕಪ್ಪ ಚೊಂಬು ಹಿಡಿದು ದೂರ ನಿಂತು, “ತಾಯೀ, ಮಜ್ಜಿಗಿ ಕುಡೀತೀರೇನ್ರಿ?” ಎಂದು ಕೇಳಿದ. ಅಷ್ಟು ಉರಿಯಲ್ಲೂ ಪಾರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೆ ಅದೇ ಹೊತ್ತಿಗೆ, ಅರಿಷಿಣ ಕುಂಕುಮ ಏರಿಸದೆ ಗಂಗವ್ವನ ನೀರಿಗೆ ಇಳಿದದ್ದೇ ತಪ್ಪಾಯಿತೆಂದು ತಿಳಿದ ಮುದಕಮ್ಮ, ಹೇಮಗುಡ್ಡದ ದುರ್ಗವ್ವನಿಗೆ ಮಾತು ಕೊಟ್ಟುಬಿಟ್ಟಿದ್ದಳು: ಸೊಸೆ ಗುಣವಾದರೆ ಅವಳ ಪಾದ ಇನ್ನೆಂದೂ ಸಮುದ್ರದ ನೀರಿಗೆ ಇಳಿಯುವುದಿಲ್ಲ. ಕೆಲವೇ ದಿನಗಳಲ್ಲಿ ಗುಳ್ಳೆ ಬಾಡಿದವು. ಪಾರಮ್ಮನ ಸಮುದ್ರ ಅಲ್ಲಿಗೆ ಮುಗಿಯಿತು.

ಯಲಬುರ್ಗಿಯ ಆಸ್ಪತ್ರೆಯಲ್ಲಿ ನರ್ಸಾಗಿರುವ ಕಳಕಪ್ಪನ ತಂಗಿಯ ಮಗಳು ಅಂಜಲಿ ಗುಳ್ಳೆ ಇನ್ನೂ ಇದ್ದಾಗಲೇ ಬಂದು ನೋಡಿ, ಅಜ್ಜಿಯ ಮುಂದೆಯೇ ಬಿಡಿಸಿ ಹೇಳಿದಳು. “ಅಮ್ಮ ಅಲ್ಲತ್ತಿ ಇದು. ಸಮುದ್ರದಾಗ ಲೋಳಿಮೀನು ಇರ್ತಾವ. ಅವುಗಳ ಮರಿ ಕಣ್ಣಿಗೆ ಕಾಣೂದಿಲ್ಲ. ಜಂಪರಿನಾಗ, ಲಾಡ್ಯಾಗ ಸಿಕ್ಕೊಂಡು ಕುಟುಕತಾವ. ಆ ಬಟ್ಟಿ ಸುಡು ಸುಡು ನೀರಾಗ ಸಬಕಾರ ಹಾಕಿ ಒಗೀರಿ. ಇಲ್ಲಂದ್ರ ಉಟ್ಟಾಗೊಮ್ಮೆ ಮತ್ತ ಕಡೀತಾವ.”

“ಮೀನಿನ ಮರಿನ ಇರವಲ್ದಾಕ,” ಎಂದಳು ಮುದಕಮ್ಮ, “ಕಳಿಸಿದಾಕಿ ಯಾರು?”

ಪಾರಮ್ಮನ ಕಿವಿಯಲ್ಲಿ ಮಾತ್ರ ಉಳಿದದ್ದು ಕೊನೆಯ ಮಾತು: ಉಟ್ಟಾಗೊಮ್ಮೆ ಮತ್ತೆ. ಅವಳು ಸಮುದ್ರದಲ್ಲಿ ತೊಟ್ಟಿದ್ದ ಕಡುನೀಲಿ ಕುಪ್ಪಸವನ್ನು ಬಿಸಿನೀರಿಗೆ ಹಾಕಲಿಲ್ಲ. ತಣ್ಣೀರಿನಲ್ಲಿ ಅದ್ದಿದ ಶಾಸ್ತ್ರ ಮಾಡಿ, ಲಂಗದ ಜೊತೆಗೇ ಮಡಿಚಿ ಪೆಟ್ಟಿಗೆಯ ತಳಕ್ಕೆ ಇಟ್ಟಳು. ಮನೆಯವರ ಕರೆ ತೀರಾ ಹೆಚ್ಚಾಗಿ ಜೀವ ರೋಸಿದ ದಿನ ಅವೆರಡನ್ನೂ ತೊಟ್ಟು ಹೊಲಕ್ಕೆ ಹೋಗುವಳು. ಬಿಸಿಲೇರಿ ಬೆವರು ಇಳಿದಂತೆ ಸೊಂಟದ ಸುತ್ತ ಚುರುಚುರು ಶುರುವಾಗುವುದು, ಅವಳು ಬದುವಿನ ಮೇಲೆ ನಿಂತುಬಿಡುವಳು. ಊರವರು ಮರುಳೆಂದದ್ದು ಇದನ್ನೇ. ಎಂಥ ಹಂಬಲವೋ! ಸುಖದ ನೆನಪಿಗೆ ಸುಖವೇ ಬೇಕೆಂದು ಹಟ ಹಿಡಿಯುವವರು ನಾವು. ಅವಳಿಗೆ ಕಡಿತವಾದರೂ ಸಾಕಾಗುತ್ತಿತ್ತು.

ಮಗಳು ಹೇಮಾಳನ್ನು ಶ್ರೀರಾಮನಗರಕ್ಕೆ ಕೊಟ್ಟಿದ್ದಾರೆ. ಭತ್ತದ ಸೀಮೆ, ಎಲ್ಲಿ ನೋಡಿದರೂ ನೀರು. ಬಾಣಂತನಕ್ಕೆ ಹೋದ ಪಾರಮ್ಮ ಒಂದು ದಿನ ಕಾಲುವೆಗೆ ಇಳಿದು, ಬೊಗಸೆ ನೀರನ್ನು ಬಾಯಿಗೆ ಹಾಕಿಕೊಂಡು ಉಗುಳಿದಳಂತೆ.

“ಯವ್ವಾ, ಗದ್ದಿಗೆ ಹುಳದ ಎಣ್ಣಿ ಹೊಡದಾರ, ಅದ್ಯಾಕ ಬಾಯಿಗೆ ಹಾಕ್ಕೋತಿ?” ಎಂದು ಮಗಳು ಚೀರಿದಳು.

“ಉಪ್ಪಿಲ್ಲ,” ಎಂದಷ್ಟೇ ಹೇಳಿ, ಕೂಸು ಅಳುವುದು ಕೇಳಿ “ಬಂದೆ, ತಡಿ” ಎಂದು ಮೇಲೆದ್ದು ಬಂದಳು.

ಆ ಬಟ್ಟೆಗಳ ಕಡಿತವೂ ದಿನ ಕಳೆದಂತೆ ಮಂದವಾಯಿತು. ಮೊದಲು ಇಡೀ ಹಗಲು ಕಾಡುತ್ತಿದ್ದದ್ದು ಆಮೇಲೆ ಅರೆಗಳಿಗೆಗೆ ಇಳಿಯಿತು. ಮುಂಗಾರು ಮುಗಿದ ಒಂದು ದಿನ ಅವಳು ತೊಟ್ಟು ಹೋದಳು, ಬೆವರಿದಳು, ಕಾದಳು, ಏನೂ ಆಗಲಿಲ್ಲ. ಬಟ್ಟೆ ಬರಿಯ ಬಟ್ಟೆಯಾಗಿತ್ತು. ಬದುವಿನ ಮೇಲೆ ಕುಸಿದು ಕೂತು ಮನಸಾರೆ ಅತ್ತಳು. ಆಮೇಲೆ ನೆಟ್ಟಗೆ ಮನೆಗೆ ಬಂದು, ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದ ಮುದಕಮ್ಮನ ಮುಂದೆ ಕೂತಳು.

“ಅತ್ತಿ, ನಾ ಇನ್ನೊಮ್ಮೆ ಸಮುದ್ರಕ್ಕ ಹೋಗಬೇಕ್ರಿ.”

“ಅಲ್ಲಿ ಅಂಥಾದ್ದೇನೈತವಾ?”

“ಅಲ್ಲಿ ನನ್ನ ಯಾರೂ ಕರಿಯಂಗಿಲ್ಲರಿ.”

ಮುದುಕಿಯ ಕೈಯೊಳಗಿನ ಶೇಂಗಾ ಹಾಗೇ ನಿಂತಿತು. ಅವಳೂ ಒಂದು ಕಾಲಕ್ಕೆ ಇದೇ ಮನೆಗೆ ಸೊಸೆಯಾಗಿ ಬಂದವಳು. ಅವಳನ್ನೂ ಕರೆದವರು ಕಡಿಮೆಯೇನಲ್ಲ. ಸೊಸೆಯ ಮೊಣಕಾಲ ಮೇಲೆ ಕೈ ಇಟ್ಟು, “ಮಾತು ಕೊಟ್ಟಾಕಿ ನಾನು. ನಾ ಇರೂತನ ಅದನ್ನ ಮುರಿಯಾಕ ಆಗೂದಿಲ್ಲ ಪಾರವ್ವ. ನಾ ಹೋದಮ್ಯಾಲೆ ಹೋಗು. ಕಣ್ತುಂಬ ನೋಡ್ಕೊಂಡು ಬಾ,” ಎಂದಳು.

ಇದ್ದುದರಲ್ಲಿ ಕೊಡಲು ಸಾಧ್ಯವಿದ್ದದ್ದನ್ನೆಲ್ಲ ಮುದುಕಿ ಅಂತಃಕರಣದಿಂದ ಕೊಟ್ಟಿದ್ದಳು. ಪಾರಮ್ಮ ಮಾತ್ರ “ಬಿಡ್ತು ಅನ್ರಿ ಅತ್ತಿ!” ಎಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

ಅಂದಿನಿಂದ ಆ ಮನೆಯಲ್ಲಿ ಮುದಕಮ್ಮ ಸಣ್ಣಗೆ ಕೆಮ್ಮಿದರೂ ಮೊದಲು ಎದ್ದು ಬರುವವಳು ಪಾರಮ್ಮ. ಬಿಪಿ ಗುಳಿಗೆ ತಪ್ಪದಂತೆ ನೋಡುವವಳು ಅವಳೇ, ಹಟ ಹಿಡಿದು ಕೊಪ್ಪಳಕ್ಕೆ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿದವಳೂ ಅವಳೇ. ಈ ಚಳಿಗಾಲದಲ್ಲಿ ಮುದುಕಿಗೆ ಜ್ವರ ಬಂದು ಹಾಸಿಗೆ ಹಿಡಿದಾಗ, ಅಂಜಲಿಯನ್ನು ಕರೆದುಕೊಂಡು ಹೇಮಗುಡ್ಡಕ್ಕೆ ಹೋಗಿ, ತಾಯೀ, ಅತ್ತಿಗೆ ನೂರು ವರ್ಷ ತುಂಬಿಸು ಎಂದು ಸೆರಗೊಡ್ಡಿ ಬೇಡಿಕೊಂಡಳು. ಬೇಡಿಕೊಂಡು ಹಿಂದಿರುಗುವಾಗ, ದಾರಿಯಲ್ಲಿ ಮೆಲ್ಲಗೆ ಕೇಳಿದಳು: “ಗೋಕರ್ಣಕ್ಕ ಬಸ್ಸು ಈಗೂ ಅದಾವೇನ ಅಂಜಲಿ?”

ಇಂಥವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ, ನಾವು ಗುರುತಿಸುವುದಿಲ್ಲ ಅಷ್ಟೆ. ತಮ್ಮ ಆಸೆ ಇನ್ನೊಬ್ಬರ ಆಯುಷ್ಯಕ್ಕೆ ಗಂಟುಬಿದ್ದಾಗ, ಆ ಆಯುಷ್ಯ ಬೆಳೆಯಲೆಂದು ಮನಃಪೂರ್ವಕವಾಗಿ ದೇವರನ್ನು ಬೇಡುವರು. ಹಾಗೆಂದು ಆಸೆಯನ್ನೂ ಬಿಟ್ಟುಕೊಡದವರು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು, ಯಾರ ಮೇಲೂ ಸಿಟ್ಟಾಗದೆ ರೊಟ್ಟಿ ತಟ್ಟುವರು. ಅವರು ಬಯಸಿದ್ದು ಸಣ್ಣದೆಂದು ನಾವು ನಗಬಹುದು. ಅದಿಲ್ಲದೆ ದಿನ ನೂಕಲು ಅವರಿಗೆ ಬೇಕಾಗುವ ಪ್ರೀತಿ ಸಣ್ಣದಲ್ಲ.