ಎಡಗೈಯ ಉಗುರು

ಸಮುವೇಲಪ್ಪ ಅಯ್ಯನವರು ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟುವ ಮೊದಲು ಒಂದು ಮಾತು ಕೇಳುತ್ತಿದ್ದರು.

"ಇವತ್ತು ಏನ್ ವಾರ್ರೀ?"

ಅವರು ಶಿಕಾರಿಪುರದ ಚರ್ಚಿನ ಪಾಸ್ಟರು. ನಲವತ್ತಮೂರು ವರ್ಷ ಅದೇ ಊರಲ್ಲಿದ್ದು, ಸೊರಬದ ಹಳ್ಳಿಗಳಿಗೂ ಸೈಕಲ್ಲಲ್ಲಿ, ಬಸ್ಸಲ್ಲಿ ತಿರುಗಿದವರು. ಅವರಿಗೆ ವಾರದ ನೆನಪೇ ಇರುವುದಿಲ್ಲ ಎಂದು ಜನ ನಗುತ್ತಿದ್ದರು. ಶಿರಾಳಕೊಪ್ಪದ ಸಂತೆಯಲ್ಲಿ ಬಳೆ ಮಾರುವ ಕುಬ್ರಾ ಬೀ, "ನಿಮ್ಗೆ ಭಾನುವಾರ ಒಂದು ನೆನಪಿದ್ರೆ ಸಾಕು ಬಿಡ್ರೀ ಅಯ್ಯನೋರೇ, ನಿಮ್ ಅಂಗಡಿ ನಡೀತದೆ" ಎಂದು ಛೇಡಿಸಿದ್ದನ್ನು ನಾನೇ ಕೇಳಿದ್ದೇನೆ. ಅಯ್ಯನವರು ಅವಳಿಗಿಂತ ಜೋರಾಗಿ ನಕ್ಕಿದ್ದರು.

ಆ ಪ್ರಶ್ನೆಗೆ ಕಾರಣವಿತ್ತು. ರೋಗಿಯ ಪಕ್ಕ ಕೂತ ಕೂಡಲೇ ಅವರು ಪ್ರಾರ್ಥನೆ ಮಾಡುತ್ತಿರಲಿಲ್ಲ. ಮೊದಲು ಕೈ ಹಿಡಿದು ಉಗುರು ನೋಡುತ್ತಿದ್ದರು. ತಿಂಗಳುಗಟ್ಟಲೆ ಮಲಗಿದವರಿಗೆ ಗಂಜಿ ಕುಡಿಸುವವರು ಇರುತ್ತಾರೆ, ಉಗುರು ಕತ್ತರಿಸುವವರು ಇರುವುದಿಲ್ಲ. ಅಯ್ಯನವರು ಅಂಗಿಯ ಜೇಬಿನಿಂದ ನೇಲ್ ಕಟರ್ ತೆಗೆದು, ಟವೆಲ್ ಹಾಸಿ, ಒಂದೊಂದೇ ಬೆರಳು ಹಿಡಿದು ಕತ್ತರಿಸುತ್ತಾ ಮಾತಾಡಿಸುತ್ತಿದ್ದರು. ಹತ್ತು ಬೆರಳು ಮುಗಿಯುವಷ್ಟರಲ್ಲಿ ರೋಗಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿರುತ್ತಿದ್ದ. ಆದರೆ ಮನೆಯವರು "ಮಂಗಳವಾರ" ಅಥವಾ "ಶುಕ್ರವಾರ" ಎಂದರೆ ನೇಲ್ ಕಟರ್ ಹೊರಗೇ ಬರುತ್ತಿರಲಿಲ್ಲ. ಆ ಎರಡು ವಾರ ಉಗುರು ತೆಗೆಯಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಯ ಕಟ್ಟಳೆ.

ಆ ಪ್ರಶ್ನೆ ಎಲ್ಲಿ ಹುಟ್ಟಿತು ಎಂದು ಗೊತ್ತಿದ್ದದ್ದು ಇಬ್ಬರಿಗೇ, ಅವರಿಗೆ ಮತ್ತು ನನಗೆ.

ಕಳೆದ ಮಾಘದಲ್ಲಿ ಅವರ ಮಗಳು ಸೌಂದರ್ಯ ಫೋನ್ ಮಾಡಿದಳು. "ಹಾಲಮ್ಮಕ್ಕಾ, ಬರೋ ಭಾನುವಾರ ಅಪ್ಪಂಗೆ ಬೀಳ್ಕೊಡುಗೆ. ಆಮೇಲೆ ಹಾವೇರಿ ಕಡೆ, ಚಿಕ್ಕಪ್ಪನ ಮನೆಗೆ ಕರ್ಕೊಂಡು ಹೋಗ್ತೀವಿ. ನಿಮ್ಮೂರಿನ ಪರವಾಗಿ ನೀವೇ ಎರಡು ಮಾತು ಆಡ್ಬೇಕು. ನಮ್ಮಮ್ಮ ಇದ್ದಿದ್ರೆ ನಿಮ್ಮನ್ನೇ ಕರೀರಿ ಅಂತಿದ್ರು."

ಆಗಲಿ ಎಂದೆ. ಅವರು ಹಾವೇರಿಗೆ ಹೋದರೆ ನಾನು ಆಡಬೇಕಾದ ಮಾತು ನನ್ನ ಜೊತೆಗೇ ಮಣ್ಣಾಗುತ್ತದೆ.

ನಮ್ಮೂರು ಕ್ಯಾಸನೂರಿಗೆ ಎರಡು ಮೈಲಿ. ನಾನು ಮದುವೆಯಾಗಿ ಬಂದ ಎರಡನೆಯ ಬೇಸಿಗೆಯಲ್ಲಿ ಕಾಡಲ್ಲಿ ಮಂಗ ಸತ್ತು ಬೀಳತೊಡಗಿದವು. ತರಗೆಲೆ ಗುಡಿಸಲು ಹೋಗಿದ್ದ ನಮ್ಮತ್ತೆ ಗುಡ್ಡಮ್ಮನಿಗೆ ಜ್ವರ ಹಿಡಿಯಿತು. ಮಂಗನ ಕಾಯಿಲೆ ಎಂದ ಕೂಡಲೇ ಮನೆ ಖಾಲಿಯಾಯಿತು. ನನ್ನ ಗಂಡ ಮತ್ತು ಭಾವ ಮಂಜಪ್ಪ ಕಣದ ಗುಡಿಸಲಿಗೆ ಹೋಗಿ ಉಳಿದರು. ಮುಟ್ಟಿದರೆ ಬರುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದರೂ ಯಾರಿಗೂ ನಂಬಿಕೆಯಿಲ್ಲ. ಒಳಗೆ ಉಳಿದವಳು ನಾನು, ಆರು ತಿಂಗಳ ಬಸುರಿ. ಹೊರಗಿನಿಂದ ಬರುತ್ತಿದ್ದವರು ಅಯ್ಯನವರೊಬ್ಬರೇ. ಆಗವರಿಗೆ ಮೂವತ್ತೂ ಆಗಿರಲಿಲ್ಲ, ನಮ್ಮ ಕಡೆಗೆ ಹೊಸಬರು. ನಮ್ಮೂರಿನ ಕೆಂಪಪ್ಪನ ಜಗಲಿಯಲ್ಲಿ ಪ್ರತಿ ಗುರುವಾರ ಏಳು ಮನೆಯವರನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸುತ್ತಿದ್ದರು. ಅದು ಮುಗಿಸಿ ಮಾತ್ರೆ ತಗೊಂಡು ನಮ್ಮನೆಗೆ ಬರುತ್ತಿದ್ದರು.

ಆ ಗುರುವಾರ ಅತ್ತೆ ಕತ್ತು, ಎದೆ ಎಲ್ಲ ರಕ್ತ ಬರುವ ಹಾಗೆ ಕೆರೆದುಕೊಂಡಿದ್ದರು. ಅಯ್ಯನವರು ಬಲಗೈ ಉಗುರು ಕತ್ತರಿಸಿ ಮುಗಿಸುವಷ್ಟರಲ್ಲಿ ಶಿರಾಳಕೊಪ್ಪದ ಕೊನೇ ಬಸ್ಸು ಹಾರ್ನ್ ಹೊಡೆಯಿತು. "ಎಡಗೈ ನಾಳೆ ಮಾಡ್ತೀನವ್ವಾ" ಎಂದು ಓಡಿದರು. ನೇಲ್ ಕಟರ್ ಗೋಡೆಯ ಗೂಡಿನಲ್ಲೇ ಉಳಿಯಿತು.

ಮಾರನೇ ದಿನ ಮಧ್ಯಾಹ್ನ ಅತ್ತೆ ಎಡಗೈಯಲ್ಲಿ ಕೆನ್ನೆ ಪರಚಿಕೊಂಡು, "ಇದನ್ನೂ ತೆಗಿಯೇ" ಎಂದರು.

"ಶುಕ್ರವಾರ ಅತ್ತೆ."

"ಉರಿಗೆ ಎಂತ ವಾರನೇ? ತೆಗಿ."

ತೆಗೆದೆ. ನೇಲ್ ಕಟರ್ ಹಿಡಿದದ್ದು ಅದೇ ಮೊದಲು. ಕಿರುಬೆರಳಲ್ಲಿ ಸ್ವಲ್ಪ ಚರ್ಮವೂ ಹೋಯಿತು. ಸಂಜೆ ಮಾತಿನಂತೆ ಬಂದ ಅಯ್ಯನವರು ಎಡಗೈ ಹಿಡಿದು ನೋಡಿ, "ಅಡ್ಡಿಯಿಲ್ಲ ತಂಗಿ, ಚಲೋ ಮಾಡೀದಿ" ಎಂದರು. ಶನಿವಾರ ಬೆಳಕು ಹರಿಯುವಾಗ ಅತ್ತೆ ಹೋದರು.

ನೀರು ಹಾಕಲು ಬಂದ ಮುದುಕಿಯೊಬ್ಬಳು ಹೊಸದಾಗಿ ತೆಗೆದ ಉಗುರು ನೋಡಿ ಬಾಯಿ ಬಡಿದುಕೊಂಡಳು. ಗೂಡಿನಲ್ಲಿ ನೇಲ್ ಕಟರ್ ಇತ್ತು. ಶುಕ್ರವಾರ ಸಂಜೆ ಅಯ್ಯನವರು ಬಂದದ್ದನ್ನು ಓಣಿಯೇ ಕಂಡಿತ್ತು. ಸುದ್ದಿ ಕೇಳಿ ಬಂದ ಅಯ್ಯನವರನ್ನು ಭಾವ ಅಂಗಳದಲ್ಲೇ ತಡೆದರು.

"ನಮ್ಮವ್ವನ ಉಗುರು ಶುಕ್ರವಾರ ತೆಗೆದವರು ಯಾರು?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಯ್ಯನವರು ತಲೆ ಎತ್ತಿ ನನ್ನ ಕಡೆ ನೋಡಿದರು, ನನ್ನ ಹೊಟ್ಟೆಯ ಕಡೆ ನೋಡಿದರು.

"ನಾನೇ" ಎಂದರು.

ಭಾವ ಅವರ ಸೈಕಲ್ಲನ್ನು ಎತ್ತಿ ಬೇಲಿಯಾಚೆ ಎಸೆದರು. ಕೆಂಪಪ್ಪ ಹೆದರಿ, ಜಗಲಿಯಲ್ಲಿ ಇನ್ನು ಕೂರುವುದು ಬೇಡ ಎಂದ. ಏಳು ಮನೆಯವರೂ ಚದುರಿದರು. ನಾನು ಬಾಗಿಲ ಹಿಂದೆಯೇ ಉಳಿದೆ.

ಭಾವನ ಸಿಟ್ಟು ಒಂದೆರಡು ವರ್ಷಕ್ಕೆ ತಣಿಯಿತು. ಸಂತೆಯಲ್ಲಿ, ಕೆರೆ ಏರಿ ಮೇಲೆ ಸಿಕ್ಕಾಗ ಅಯ್ಯನವರೇ ಮಾತಾಡಿಸಿದರು. ಎಲೆ ಅಡಿಕೆ ಕೊಟ್ಟು ತಗೊಳ್ಳುವಷ್ಟು ಸ್ನೇಹವೂ ಆಯಿತು. ಆದರೆ ಮನೆಗೆ ಬನ್ನಿ ಎಂದು ಭಾವ ಕರೆಯಲಿಲ್ಲ. ಅಯ್ಯನವರು ನಮ್ಮೂರಿಗೆ ಬಂದರೆ ಬಸ್ ಸ್ಟ್ಯಾಂಡಿನಿಂದ ಈಚೆ ಬರಲಿಲ್ಲ. ಮೂವತ್ತೈದನೇ ವಯಸ್ಸಿಗೆ ನಾನು ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತೆ. ಹೆಸರು ಬಿಟ್ಟರೆ ಸ್ಲೇಟಿನ ಮೇಲೆ ನಾನಾಗಿ ಬರೆದ ಮೊದಲ ವಾಕ್ಯ, "ತೆಗೆದವಳು ನಾನು." ಮೇಡಂ ನೋಡುವ ಮೊದಲೇ ಸೆರಗಿನಲ್ಲಿ ಒರೆಸಿಬಿಟ್ಟೆ. ಅಯ್ಯನವರ ಮನೆಯವರು, ಅಮ್ಮನವರು, ಶಿಕಾರಿಪುರದಿಂದ ನನಗೆಂದು ಓದುವ ಪುಸ್ತಕ ಕಳಿಸುತ್ತಿದ್ದರು. ಅವರಿಗೂ ಹೇಳಲಿಲ್ಲ.

ಬೀಳ್ಕೊಡುಗೆಗೆ ಮೂರು ದಿನ ಮೊದಲು ಶಿಕಾರಿಪುರಕ್ಕೆ ಹೋದೆ. ಅಯ್ಯನವರು ಹಿತ್ತಲ ಬಿಸಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು. ಕೈ ನಡುಗುತ್ತಿತ್ತು. ಉಗುರು ಬೆಳೆದು ಬಾಗಿದ್ದವು. ಅಮ್ಮನವರು ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಕಣ್ಣು ಎಲ್ಲಿದೆ ಎಂದು ತಿಳಿದು ಕೈಯನ್ನು ಶಾಲಿನೊಳಗೆ ಎಳೆದುಕೊಂಡರು.

"ಅಯ್ಯನೋರೇ, ಭಾನುವಾರ ಮೈಕಲ್ಲಿ ಆ ಮಾತು ಹೇಳ್ತೀನಿ."

"ಯಾವ ಮಾತವಾ?"

"ಶುಕ್ರವಾರದ್ದು."

"ಬ್ಯಾಡ ತಂಗಿ."

"ಎಂತಕೆ ಬ್ಯಾಡ?"

"ನೀ ಏನಂತ ಹೇಳ್ತಿ? ಅಯ್ಯನೋರು ತೆಗೀಲಿಲ್ಲ, ನಾ ತೆಗದೆ ಅಂತ. ಹೌದಿಲ್ಲೋ? ಮಂದಿ ಏನ್ ತಿಳ್ಕೋತಾರ? ಇಷ್ಟು ವರ್ಷ ಇವನು ಕೊಂದಾನ ಅಂದ್ಕೊಂಡಿದ್ವಿ, ಕೊಂದಾಕಿ ಸೊಸಿ ಅಂತಾರ. ಹೊರಿ ಒಂದು ತಲಿಯಿಂದ ಇನ್ನೊಂದು ತಲಿಗೆ ಹೋತು. ಇಳೀತೇನು?"

"ನೀವು ಅವತ್ತು ಸುಳ್ಳು ಹೇಳಿದ್ರಿ" ಎಂದೆ.

"ಹೂಂ. ದೇವರ ಮುಂದ ಎಲ್ಲಾದಕ್ಕೂ ಕ್ಷಮಾ ಕೇಳೀನಿ. ಅದೊಂದು ಮಾತ್ರ ಬಾಯಿಗೆ ಬರವಲ್ದು. ತಪ್ಪು ಅಂತ ಅನಿಸಿದ್ರ ಅಲ್ಲೇನು ಕೇಳೂದು?" ಎಂದು ನಕ್ಕರು. ಮತ್ತೆ ನಗು ನಿಂತಿತು. "ಆದ್ರ ಕೆಂಪಪ್ಪನ ಜಗಲಿ ಮ್ಯಾಲೆ ಏಳು ಮನಿ ಮಂದಿ ಕುಂದ್ರತಿದ್ರಲ್ಲ, ಅವರು ನೆನಪಾಗ್ತಾರ. ನಾ ಬರ್ತೀನಂತ ಎಷ್ಟು ಗುರುವಾರ ದಾರಿ ನೋಡಿದ್ರೋ ಏನೋ."

ನನ್ನ ಮಾನ ಉಳಿಯಿತು ಎಂದಷ್ಟೇ ನಾನು ಇಷ್ಟು ದಿನ ತಿಳಿದಿದ್ದೆ. ಅದಕ್ಕೆ ಅವರು ಏನು ಬಿಟ್ಟುಕೊಟ್ಟರು ಎಂದು ಆ ಹಿತ್ತಲಲ್ಲಿ ತಿಳಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರ ಮಾತನ್ನೇ ತಿರುವಿ ಹಾಕುತ್ತಿದ್ದೆ. ಹೇಳುವುದು ಬಿಡಬಾರದು. ಹೊರೆ ಇಳಿಯುವ ಹಾಗೆ ಹೇಳಬೇಕು. ಹೇಗೆ?

ಭಾನುವಾರ ನಮ್ಮೂರಿನಿಂದ ಒಂದು ಟೆಂಪೊ ಹೊರಟಿತು. ಎಂಬತ್ತರ ಹತ್ತಿರದ ಭಾವನೂ ಹತ್ತಿದರು.

"ನೀವ್ಯಾಕೆ ಭಾವ, ಬಿಸಿಲು."

"ಎರಡು ಬಗೆ ಪಾಯಸ ಮಾಡ್ತಾರಂತೆ ಮಾರಾಯ್ತಿ. ಪ್ರಾರ್ಥನೆ ನೀವು ಮಾಡಿ, ಪಾಯಸ ನಾ ನೋಡ್ಕೊಳ್ತೀನಿ."

ಚರ್ಚಿನ ಮುಂದಿನ ಶಾಮಿಯಾನ ತುಂಬಿತ್ತು. ಒಬ್ಬೊಬ್ಬರೇ ಬಂದು ಅಯ್ಯನವರ ದೊಡ್ಡತನ ಹೇಳಿದರು. ಅವರು ಶಾಲಿನೊಳಗೆ ಕೈ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ನನ್ನ ಹೆಸರು ಕರೆದರು. ಬರೆದುಕೊಂಡು ಹೋಗಿದ್ದ ಚೀಟಿ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಮಡಿಸಿಟ್ಟೆ.

"ನಮ್ಮತ್ತೆ ಗುಡ್ಡಮ್ಮ ತೀರಿಕೊಂಡಿದ್ದು ಮಂಗನ ಕಾಯಿಲೆಯಿಂದ" ಎಂದು ಶುರು ಮಾಡಿದೆ. "ಆ ವರ್ಷ ನಮ್ಮೂರಲ್ಲಿ ನಾಲ್ಕು ಜನ ಹೋದರು. ಉಳಿದ ಮೂವರ ಉಗುರು ಯಾರೂ ಯಾವ ವಾರವೂ ತೆಗೆದಿರಲಿಲ್ಲ. ಅವರೂ ಹೋದರು."

ಹಿಂದಿನ ಸಾಲಿನಲ್ಲಿದ್ದ ನಮ್ಮೂರಿನವರು ಕತ್ತು ಎತ್ತಿದರು.

"ಅತ್ತೆಯ ಎಡಗೈ ಉಗುರು ಶುಕ್ರವಾರ ತೆಗೆದವಳು ನಾನು. ಉರೀತದೆ ತೆಗಿ ಅಂದ್ರು, ತೆಗೆದೆ. ನಾನು ಬಸುರಿ, ನನ್ನ ಬೈತಾರೆ ಅಂತ ಅಯ್ಯನೋರು ನಾನೇ ಅಂದ್ರು. ಇಷ್ಟು ದೊಡ್ಡವರ ಹೆಸರಲ್ಲಿ ಅದೊಂದು ಸುಳ್ಳು ಉಳಿದಿದೆ. ಅದು ನಂದು. ವಾಪಸ್ ತಗೊಂಡು ಹೋಗಕ್ಕೆ ಬಂದೀನಿ."

ಮೈಕು ಕೊಟ್ಟು ಇಳಿಯುವಾಗ ಭಾವ ಎದ್ದರು. ಕೋಲು ಊರಿಕೊಂಡು, ಯಾರ ಮುಖವನ್ನೂ ನೋಡದೆ ಶಾಮಿಯಾನದ ಹೊರಗೆ ಹೋದರು. ಅಯ್ಯನವರು ಅವರು ಹೋದ ದಿಕ್ಕನ್ನೇ ನೋಡುತ್ತಿದ್ದರು. ಮಾಡಬೇಡ ಎಂದರೂ ಮಾಡಿದೆಯಲ್ಲ ಎಂಬ ಹಾಗಿತ್ತು ಮುಖ.

ಊಟದ ಹೊತ್ತಿಗೆ ಹುಡುಕಿದರೆ ಭಾವ ಟೆಂಪೊದಲ್ಲಿ ಕೂತಿದ್ದರು. ಪಾಯಸ ತಂದು ಕೊಟ್ಟೆ. ಮುಟ್ಟಲಿಲ್ಲ. ಶಿರಾಳಕೊಪ್ಪ ದಾಟಿ ಟೆಂಪೊ ಸೊರಬದ ರಸ್ತೆಗೆ ತಿರುಗಿದ ಮೇಲೆ ಭಾವ ಮುಂದೆ ನೋಡುತ್ತಲೇ ಕೇಳಿದರು.

"ಅವ್ವಗೆ ಅಷ್ಟು ಉರೀತಿತ್ತನಾ?"

"ಕೆನ್ನೆ ಎಲ್ಲ ಪರಚ್ಕೊಂಡಿದ್ರು ಭಾವ."

"ನನ್ನ ಕೇಳಿದ್ಲಾ?"

ಸುಳ್ಳು ಹೇಳಲು ಅನುಕೂಲವಾದ ಜಾಗ ಅದು. ಹೇಳಲಿಲ್ಲ. "ಕೊನೇ ಮೂರು ದಿನವೂ ಕೇಳಿದ್ರು" ಎಂದೆ.

ಅವರು "ನಾನು ಬಾಗಿಲ ತನಕನೂ ಬರ್ಲಿಲ್ಲ" ಎಂದರು. "ಅವ್ವನ್ನ ಮುಟ್ಟಿದ್ದು ನೀವಿಬ್ರೇ. ಆ ಹೊಟ್ಟೆ ಉರಿಗೇ ನಾ ಸೈಕಲ್ ಎಸೆದಿದ್ದು ಕಣೇ. ವಾರದ್ದಲ್ಲ." ಹೆಗಲ ಮೇಲಿನ ಟವೆಲ್ಲಿನಿಂದ ಮೂಗು ಒರೆಸಿಕೊಂಡರು. "ನೀನು ಅವತ್ತೇ ಹೇಳಿದ್ದಿದ್ರೆ ನಿನ್ನ ತವರಿಗೆ ಅಟ್ಟಿಬಿಡ್ತಿದ್ದೆ. ಅದೂ ಖರೆ."

"ಗೊತ್ತು ಭಾವ."

"ಅಯ್ಯನೋರಿಗೆ ಫೋನ್ ಹಚ್ಚು. ಹೋಗೋದ್ರೊಳಗೆ ಒಂದ್ಸಲ ಮನೆಗೆ ಬನ್ನಿ ಅನ್ನು. ಶುಕ್ರವಾರನೇ ಬರ್ಲಿ."

ಶುಕ್ರವಾರ ಸೌಂದರ್ಯ ಕಾರಿನಲ್ಲಿ ಕರೆದುಕೊಂಡು ಬಂದಳು. ಅಯ್ಯನವರು ನಮ್ಮ ಅಂಗಳದಲ್ಲಿ ಇಳಿದು, ಬೇಲಿ ಇದ್ದ ಕಡೆ ಒಮ್ಮೆ ನೋಡಿದರು. ಈಗ ಅಲ್ಲಿ ಕಾಂಪೌಂಡ್ ಗೋಡೆ. ಚಪ್ಪಲಿ ಬಿಟ್ಟು ಹೊಸ್ತಿಲ ಮುಂದೆ ನಿಂತರು. ಅಭ್ಯಾಸ ಎಲ್ಲಿ ಹೋಗುತ್ತದೆ?

"ಇವತ್ತು ಏನ್ ವಾರ್ರೀ?"

"ಯಾವ ವಾರ ಆದ್ರೆ ನಿಮಗೇನ್ರೀ? ಒಳಗೆ ಬನ್ನಿ" ಎಂದರು ಭಾವ. ಅಯ್ಯನವರ ತೋಳು ಹಿಡಿದು ಹೊಸ್ತಿಲು ದಾಟಿಸಿದರು.

ಗೂಡಿನಲ್ಲಿದ್ದ ಆ ಹಳೇ ನೇಲ್ ಕಟರನ್ನು ನಾನು ಟ್ರಂಕಿನಲ್ಲಿ ಇಟ್ಟಿದ್ದೆ. ತೆಗೆದರೆ ತುಕ್ಕು ಹಿಡಿದು ಬಾಯಿಯೇ ಬಿಡಲಿಲ್ಲ. ಸೊಸೆ ರಮ್ಯ ತನ್ನದನ್ನು ತಂದುಕೊಟ್ಟಳು. ನಾನು ಟವೆಲ್ ಹಾಸಿ ಅವರ ಎದುರು ಕೂತೆ. ಅಯ್ಯನವರು ಶಾಲಿನೊಳಗಿನ ಕೈ ಹೊರಗೆ ತೆಗೆಯಲು ಸ್ವಲ್ಪ ತಡಮಾಡಿದರು. ನಾನು ಕಾದೆ. ಆಮೇಲೆ ಎಡಗೈಯನ್ನೇ ಮೊದಲು ಚಾಚಿದರು.

ಮೊದಲನೇ ಬೆರಳು ಹಿಡಿದದ್ದೇ ತಡ, ಭಾವ ಎದ್ದುಬಿಟ್ಟರು.

"ಎಲ್ಲಿಗೆ ಹೊಂಟ್ರಿ ಮಂಜಪ್ಪಾ?" ಎಂದರು ಅಯ್ಯನವರು.

"ಕೊಟ್ಟಿಗೆಗೆ. ನನ್ನ ಕೈಲಿ ನೋಡಕ್ಕೆ ಆಗಲ್ಲ ಮಾರಾಯ್ರೇ, ಎಷ್ಟಂದ್ರೂ ಶುಕ್ರವಾರ" ಎಂದು ಕೋಲು ತಗೊಂಡರು. "ಮುಗಿದ ಮೇಲೆ ಕೂಗಿ. ಊಟಕ್ಕೆ ಒಟ್ಟಿಗೆ ಕೂರೋಣ."

ಅಯ್ಯನವರು ನಕ್ಕಾಗ ಕೈ ಅಲುಗಿತು. "ಅಲ್ಲಾಡಬ್ಯಾಡ್ರೀ" ಎಂದೆ. ಕಿರುಬೆರಳಿನ ಚರ್ಮ ಹೋಗದ ಹಾಗೆ, ನಿಧಾನವಾಗಿ, ಒಂದೊಂದೇ ಉಗುರು ತೆಗೆಯುತ್ತಾ ಹೋದೆ.