ಬೇಡ ಎನ್ನುವ ಬುದ್ಧಿ

"ಊಟ ಬಿಟ್ಟರೆ ಏನಾಗುತ್ತೆ, ನಿಮ್ಮ ಮಾತಲ್ಲೇ ಹೇಳಿ," ಎಂದಳು ಮನೋವೈದ್ಯೆ.

"ಹೃದಯ ನಿಲ್ಲುತ್ತೆ. ಈ ವಾರವೇ ನಿಂತರೂ ನಿಂತೀತು. ನಿನ್ನೆ ಬಂದಿದ್ದ ಚಿಕ್ಕ ಡಾಕ್ಟ್ರಿಗೂ ಇದನ್ನೇ ಹೇಳಿದೆ. ಅವರು ತಪ್ಪಾಗಿ ಬರ್ಕೊಂಡಿದ್ರು, ತಿದ್ದಿಸಿದೆ."

ಹಾಸಿಗೆಯ ಮೇಲಿದ್ದವಳು ವಕೀಲೆ. ಮೂಳೆಗೆ ಚರ್ಮ ಹೊದಿಸಿದ ಹಾಗಿದ್ದಳು. ನಾಲಿಗೆ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ. ದಪ್ಪಗಾಗಿಬಿಡುತ್ತೇನೆಂಬ ಭಯಕ್ಕೆ ವರ್ಷಗಳಿಂದ ತುತ್ತು ಕಡಿಮೆ ಮಾಡುತ್ತ ಬಂದು, ಕೊನೆಗೆ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದಿದ್ದಳು. ಆಸ್ಪತ್ರೆಯಲ್ಲಿ ಎಚ್ಚರವಾದೊಡನೆ ಆಡಿದ ಮೊದಲ ಮಾತು, ಊಟ ಇಳಿಸಲು ಮೂಗಿಗೆ ಟ್ಯೂಬು ಹಾಕಕೂಡದು ಎಂಬುದು.

ಬೇಡ ಎನ್ನುವ ಹಕ್ಕು ಅವಳಿಗಿತ್ತು. ಹಾಗೆನ್ನುವಾಗ ಬುದ್ಧಿ ಅವಳ ಹಿಡಿತದಲ್ಲಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮನೋವೈದ್ಯೆಯ ಕೆಲಸ. ಪಳಗಿದ ಕೈ ಅವಳದು. ಆದರೂ ಈ ರೋಗಿಯೆದುರು ಕೂತಾಗಿನಿಂದ ಪರೀಕ್ಷೆಗೆ ಕೂತವಳು ತಾನೇ ಅನ್ನಿಸತೊಡಗಿತ್ತು.

"ಸಾಯಬೇಕು ಅಂತಿದೆಯಾ?"

"ಛೆ! ಮುಂದಿನ ತಿಂಗಳು ದೊಡ್ಡ ಕೇಸಿದೆ."

"ಮತ್ತೆ ಟ್ಯೂಬು?"

"ಬೇಡ ಅಂದೆನಲ್ಲ. ಬರ್ಕೊಳ್ಳಿ ಡಾಕ್ಟ್ರೇ, ಪೆನ್ನು ಯಾಕೆ ನಿಂತುಹೋಯ್ತು?"

ಹೊರಗೆ ಬಂದರೆ ರೋಗಿಯ ತಾಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಹೊಲಿದು ಬೆನ್ನು ಬಾಗಿದ ಹೆಂಗಸು. "ತಲೆ ಕೆಟ್ಟಿದೆ ಅಂತ ಬರೆದುಬಿಡಿ ಡಾಕ್ಟ್ರಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ."

"ಹಾಗೆ ಬರೆಯೋಕಾಗಲ್ಲಮ್ಮ. ಮಾತಲ್ಲಿ ಅವರು ಎಲ್ಲೂ ಸಿಕ್ಕಿಬೀಳ್ತಿಲ್ಲ." ಮನೋವೈದ್ಯೆ ತುಸು ಯೋಚಿಸಿದಳು. "ಒಂದು ಕೆಲಸ ಮಾಡ್ತೀರಾ?"

ಬಾವಿಗೆ ಹಾರು ಅಂದಿದ್ದರೂ ಆ ತಾಯಿ ಹಾರುತ್ತಿದ್ದಳು.

ಲೋಟದಲ್ಲಿ ಹಾಲು ಹಿಡಿದು ತಾಯಿ ಹಾಸಿಗೆಯ ಪಕ್ಕ ನಿಂತಳು. ಮನೋವೈದ್ಯೆ ಷರತ್ತು ಹೇಳಿದಳು: "ಒಂದೇ ಒಂದು ಗುಟುಕು. ಕುಡಿದರೆ ತೀರ್ಮಾನ ನಿಮ್ಮದೇ ಅಂತ ಬರೆದುಕೊಡ್ತೀನಿ. ಆಮೇಲೆ ಯಾರೂ ನಿಮ್ಮನ್ನ ಮುಟ್ಟೋದಿಲ್ಲ. ಇವತ್ತೇ ಮನೆಗೆ ಹೋಗಿ."

"ಇಷ್ಟೇನಾ?" ವಕೀಲೆ ನಕ್ಕಳು. "ಮಾತು ತಪ್ಪಬಾರದು."

ಲೋಟ ತುಟಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಮಗುವಿಗೆ ತುತ್ತು ಕೊಡುವಾಗ ತೆರೆದುಕೊಳ್ಳುವಂತೆ ತಾಯಿಯ ಬಾಯಿ ತಾನಾಗಿ ತೆರೆದುಕೊಂಡಿತ್ತು. "ಕುಡಿ ಪುಟ್ಟಿ. ಕುಡಿದುಬಿಡು, ಮನೆಗೆ ಹೋಗೋಣ." ವಕೀಲೆಯ ದವಡೆ ನಡುಗಿತು. ಲೋಟ ಇಳಿಸಿ, ಉಸಿರು ಬಿಗಿಹಿಡಿದು ಮತ್ತೆ ಎತ್ತಿದಳು. ಹಾಲು ಗಲ್ಲದ ಮೇಲೆ ಸುರಿಯಿತು. ಅದನ್ನು ಕೆಂಡವೆಂಬಂತೆ ಒರೆಸಿಕೊಂಡಳು.

"ಬಾಯಿ ತೆಗೆಯೋಕೆ ಬರ್ತಿಲ್ಲಮ್ಮ," ಎಂದಳು. ಅದು ಕೋರ್ಟಿನಲ್ಲಿ ಯಾರೂ ಕೇಳಿರದ ದನಿ.

ಮನೋವೈದ್ಯೆಗೆ ಒಳಗೊಳಗೇ ಗೆದ್ದೆನೆಂಬ ಖುಷಿಯಾಯಿತು. ಅದು ಮುಖಕ್ಕೆ ಬರುವ ಮೊದಲೇ ತಲೆ ತಗ್ಗಿಸಿ ಬರೆದಳು: ಊಟದ ವಿಷಯದಲ್ಲಿ ತೀರ್ಮಾನ ಮಾಡುವ ಸಾಮರ್ಥ್ಯ ರೋಗಿಗೆ ಇಲ್ಲ.

ಮಧ್ಯಾಹ್ನ ಟ್ಯೂಬು ಹಾಕಿದರು. ನರ್ಸುಗಳು ತೋಳು ಒತ್ತಿಹಿಡಿದರು. ಕಾಲು ಹಿಡಿಯಲು ಯಾರೂ ಹೇಳಿರಲಿಲ್ಲ, ತಾಯಿ ತಾನೇ ಹೋಗಿ ಹಿಡಿದಳು. ವಕೀಲೆ ಮೊದಲು ಕಾನೂನು ಹೇಳಿದಳು, ಆಮೇಲೆ ಬೈದಳು, ಕೊನೆಗೆ "ಅಮ್ಮಾ, ಬಿಡು," ಎಂದಳು. ತಾಯಿ ಗೋಡೆ ನೋಡುತ್ತ ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮರುದಿನ ಬೆಳಿಗ್ಗೆ ವಕೀಲೆಯೇ ಮನೋವೈದ್ಯೆಗೆ ಹೇಳಿ ಕಳಿಸಿದಳು. "ಇನ್ನೊಂದು ತೀರ್ಮಾನ ಮಾಡಿದೀನಿ, ಪರೀಕ್ಷೆ ಮಾಡ್ಕೊಳ್ಳಿ. ನಮ್ಮಮ್ಮ ನನ್ನ ನೋಡೋಕೆ ಒಳಗೆ ಬರಕೂಡದು."

"ಬರದಿದ್ದರೆ ಏನಾಗುತ್ತೆ?"

"ಹೊರಗೆ ಕೂತು ಅಳ್ತಾಳೆ. ಸರಿಯಾಗಿ ಉಣ್ಣಲ್ಲ. ಹಾಸಿಗೆ ಹಿಡಿದರೂ ಹಿಡಿದಾಳು."

"ಮುಂದೆ ನಿಮಗೇ ಸಂಕಟ ಆಗಲ್ವಾ?"

"ಆಗುತ್ತೆ."

"ಆದರೂ?"

"ಆದರೂ."

ಮನೋವೈದ್ಯೆ ತಿರುಗಿಸಿ ಮುರುಗಿಸಿ ಕೇಳಿದಳು. ಎಲ್ಲೂ ಬಿರುಕು ಸಿಗಲಿಲ್ಲ. ಹೊರಗೆ ಹೋಗಿ ತಾಯಿಗೆ ತಿಳಿಸಿದಳು: "ಊಟದ ವಿಷಯ ಬೇರೆ. ಇದರಲ್ಲಿ ಅವರ ಬುದ್ಧಿ ನೆಟ್ಟಗಿದೆ. ನಾವು ಒಪ್ಪಲೇಬೇಕು."

"ಇನ್ನೊಂದು ಪರೀಕ್ಷೆ ಇಡಿ ಡಾಕ್ಟ್ರಮ್ಮ. ನೀವು ಏನು ಹಿಡ್ಕೋ ಅಂದರೂ ಹಿಡ್ಕೊಂಡು ನಿಲ್ತೀನಿ."

ಮನೋವೈದ್ಯೆ ಫೈಲು ಮುಚ್ಚಿದಳು. ಅಷ್ಟರಲ್ಲಿ ಬೇರೆ ವಾರ್ಡಿನಿಂದ ಕರೆ ಬಂತು; ಬಂದದ್ದೇ ಒಳ್ಳೆಯದಾಯಿತು ಎಂದುಕೊಂಡು ಹೊರಟಳು.

ದಿನ ಕಳೆದಂತೆ ವಕೀಲೆಯ ಕೆನ್ನೆಗೆ ಬಣ್ಣ ಬಂತು. ಮೊದಲು ಟ್ಯೂಬಿನಿಂದ, ಆಮೇಲೆ ಶಪಿಸುತ್ತ ಚಮಚದಿಂದ. ತಾಯಿ ವಾರ್ಡಿನ ಹೊರಗಿನ ಬೆಂಚು ಬಿಡಲಿಲ್ಲ, ಮಗಳು ಮಾತು ಬದಲಿಸಲಿಲ್ಲ. ಮನೋವೈದ್ಯೆ ಈಚೆಗೆ ಹಿಂದಿನ ಬಾಗಿಲಿಂದ ಓಡಾಡುತ್ತಿದ್ದಳು. ಒಂದು ಸಂಜೆ ಆ ಬಾಗಿಲಿಗೆ ಬೀಗ ಬಿದ್ದಿತ್ತು, ಮುಂದಿನಿಂದಲೇ ಬರಬೇಕಾಯಿತು. ಹಿರಿಯ ನರ್ಸು ಬೆಂಚಿನೆದುರು ಬಗ್ಗಿ ನಿಂತಿದ್ದಳು.

"ಮೈಕೈ ತುಂಬಿಕೊಂಡಿದ್ದಾಳಾ ಸಿಸ್ಟರ್?" ಎಂದು ತಾಯಿ ಕೇಳುತ್ತಿದ್ದಳು.

"ಹೂಂ ಕಣಮ್ಮ. ಮಣಿಕಟ್ಟು ಈಗ ನೋಡಿ, ಇಷ್ಟಾಗಿದೆ," ಎಂದು ನರ್ಸು ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆಯಂತೆ ಮಾಡಿ ತೋರಿಸಿ, ಒಳಗೆ ಹೋದಳು.

ತಾಯಿ ತನ್ನ ಬೆರಳುಗಳನ್ನೂ ಅಷ್ಟೇ ಅಗಲಕ್ಕೆ ಕೂಡಿಸಿಕೊಂಡಳು. ಆ ಅಳತೆ ಸಡಿಲವಾಗದ ಹಾಗೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.