ನಡುಕ ನಿಂತ ಮೇಲೆ

ಅಣ್ಣನನ್ನು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸಿದಾಗ ನಾವಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಮ್ಮ ತೀರಿಕೊಂಡ ದಿನ ನಾನು ತಲುಪುವುದು ಎರಡು ಗಂಟೆ ತಡವಾಯಿತು. ಅವನು ಕಾಯದೆ ಅಂತ್ಯಕ್ರಿಯೆ ಮುಗಿಸಿಬಿಟ್ಟಿದ್ದ. ಯಾಕೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಈಗ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದ. ತಂಗಿ ಜೊತೆಗಿದ್ದರೆ ಮಾತ್ರ ಒಳಗೆ ಬರುತ್ತೇನೆಂದು ಹಟ ಹಿಡಿದನಂತೆ. ಮೂವತ್ತೆರಡು ವರ್ಷ ಅದೇ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದವಳೆಂದು ನನ್ನನ್ನು ಒಳಗೆ ಬಿಟ್ಟರು.

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಎಚ್ಚರವಾಗಿಯೇ ಇದ್ದ. ನಾನು ತಲೆಯ ಬಳಿ ಸ್ಟೂಲಿನ ಮೇಲೆ ಕುಳಿತು ಕೈ ಹಿಡಿದೆ.

"ಕೆಂಡಮ್ಮ ಬಂದ್ಲಾ?" ಎಂದ. ನನ್ನ ಅಂಗೈ ಸದಾ ಬಿಸಿಯೆಂದು ಚಿಕ್ಕಂದಿನಲ್ಲಿ ಅವನೇ ಇಟ್ಟ ಹೆಸರು.

"ಬಂದೆ. ಬಾಯಿ ಮುಚ್ಕೊಂಡು ಮಲಗು."

"ಹನ್ನೊಂದು ವರ್ಷ ಮುಚ್ಕೊಂಡಿದ್ನಲ್ಲೇ, ಸಾಲ್ದಾ?"

ಅಡ್ಡ ಕಟ್ಟಿದ ಪರದೆಯ ಆಚೆ ಯಾರೋ ನಕ್ಕರು. ನನಗೂ ನಗು ಬಂತು. ಅಷ್ಟರಲ್ಲಿ ನಡುಕ ಶುರುವಾಯಿತು. ಮೊದಲು ದವಡೆ, ಆಮೇಲೆ ಭುಜ, ಎದೆ. ಈ ಮದ್ದು ಕೊಟ್ಟಾಗ ಮೈಯೊಳಗಿನ ಕಾವು ಕಾಲಿನ ಕಡೆಗೆ ಇಳಿದುಹೋಗುತ್ತದೆ. ಮುದುಕರ ಹೃದಯಕ್ಕೆ ಆ ನಡುಕ ದೊಡ್ಡ ಹೊರೆ. ಸಲೈನ್ ಚೀಲ ಮುಟ್ಟಿ ನೋಡಿದೆ, ಬೆಚ್ಚಗೇ ಇತ್ತು. ಎದೆಯ ಮೇಲೆ ಬಿಸಿಗಾಳಿಯ ಹೊದಿಕೆಯೂ ಇತ್ತು. ಆದರೂ ಟೇಬಲ್ಲು ಕಟಕಟ ಎನ್ನುತ್ತಿತ್ತು.

"ಅಮ್ಮ ಅವತ್ತು... ನಾನ್ಯಾಕೆ ಕಾಯ್ಲಿಲ್ಲ ಅಂದ್ರೆ..." ಹಲ್ಲಿಗೆ ಹಲ್ಲು ಬಡಿದು ಮಾತು ತುಂಡಾಯಿತು.

ಅರಿವಳಿಕೆ ಡಾಕ್ಟರು ನನ್ನತ್ತ ಬಾಗಿದರು. "ನಡುಕಕ್ಕೆ ಇಂಜೆಕ್ಷನ್ ಕೊಡ್ತೀನಿ ಸಿಸ್ಟರ್. ನಿದ್ದೆ ಹತ್ತುತ್ತೆ. ಏನೋ ಹೇಳ್ತಿದ್ದಾರಲ್ಲ, ಒಂದು ನಿಮಿಷ ತಡೀಲಾ?"

ನಾಡಿ ನೂರಿಪ್ಪತ್ತು ದಾಟಿತ್ತು. ಇಂಥ ಹೊತ್ತಿನಲ್ಲಿ ತಡ ಮಾಡಬಾರದೆಂದು ಎಷ್ಟೋ ಹೊಸಬರಿಗೆ ಗದರಿಸಿ ಕಲಿಸಿದವಳು ನಾನು.

"ಕೊಡಿ ಡಾಕ್ಟ್ರೇ," ಎಂದೆ. "ಆಮೇಲೆ ಹೇಳು ಅಣ್ಣಾ, ನಾನೆಲ್ಲಿ ಹೋಗ್ತೀನಿ?"

ಬೇಡವೆಂಬಂತೆ ತಲೆಯಾಡಿಸಿದ. ಡಾಕ್ಟರು ಇಂಜೆಕ್ಷನ್ ಕೊಟ್ಟ ಎರಡು ನಿಮಿಷಕ್ಕೆ ನಡುಕ ನಿಂತು ನಿದ್ದೆ ಹತ್ತಿತು.

ಹೊಸ ಕೀಲು ಕೂರಿಸುವಾಗ ರಕ್ತದೊತ್ತಡ ಒಮ್ಮೆಲೇ ಕುಸಿದು ಹೃದಯ ನಿಂತಿತು. ಮುಕ್ಕಾಲು ಗಂಟೆ ಎದೆ ಒತ್ತಿದರು. ದೇವರು ಅವನನ್ನು ತಿರುಗಿ ಕೊಡಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅತ್ತಿಗೆಗೆ ಡಾಕ್ಟರು ವಿಷಯ ತಿಳಿಸಿ ಹೋದರು. ನಾನು ಪಕ್ಕದಲ್ಲಿ ಕುಳಿತಾಗ ಅತ್ತಿಗೆ ನನ್ನ ತೋಳು ಹಿಡಿದರು.

"ನಿಂಗೆ ಹೇಳಿದ್ರೇನಮ್ಮಾ? ನಂಗೆ ಒಂದಿನಾನೂ ಬಾಯಿ ಬಿಡ್ಲಿಲ್ಲ. ಅವಳಿಗೇ ಹೇಳ್ಬೇಕು, ಹೇಳಿದ್ರೇನೆ ನೆಮ್ಮದಿಯಾಗಿ ಸಾಯ್ತೀನಿ ಅಂತಿದ್ರು. ಹೇಳಿದ್ರಾ?"

"ಹೇಳಿದ ಅತ್ತಿಗೆ. ಎಲ್ಲಾ ಹೇಳಿದ."

"ಅಷ್ಟು ಸಾಕು ಬಿಡು," ಎಂದು ಅವರು ನನ್ನ ಹೆಗಲಿಗೆ ಒರಗಿ ಅತ್ತರು.

ಆ ಸುಳ್ಳನ್ನು ಕ್ಷಮಿಸೆಂದು ದೇವರನ್ನು ದಿನವೂ ಬೇಡಿಕೊಳ್ಳುತ್ತೇನೆ. ಆ ಇಂಜೆಕ್ಷನ್ನಿನ ವಿಷಯವಾಗಿ ಏನೆಂದು ಬೇಡಬೇಕೋ ನನಗೆ ಇನ್ನೂ ತಿಳಿದಿಲ್ಲ.